ಮುನ್ನೂರು ಎಂದರೆ ಮುನ್ನೂರು

ದೇವರು ಮನುಷ್ಯನಿಗೆ ಮುಖ ಕೊಡುವಾಗ ಅದನ್ನು ಒಂದು ಗೇಣಿನ ಅಳತೆಯಲ್ಲಿ ಕೊಟ್ಟ. ಕನ್ನಡಿಗೆ ಅಷ್ಟು ಸಾಕು, ಹೆಂಡತಿ ಗುರುತು ಹಿಡಿಯಲಿಕ್ಕೂ ಅಷ್ಟು ಸಾಕು. ಅದನ್ನು ಹದಿನೆಂಟು ಅಡಿ ಎತ್ತರದ ಹಲಗೆಗೆ ಹಿಗ್ಗಿಸಿ, ಕಬ್ಬಿಣದ ಕಂಬಗಳ ಮೇಲೆ ನಿಲ್ಲಿಸುವ ಕೆಲಸವನ್ನು ಆತ ಮನುಷ್ಯರಿಗೇ ಬಿಟ್ಟ. ತಕ್ಕಡಿಯಣ್ಣನಿಗೆ ಬಂದ ತೊಂದರೆಯೆಲ್ಲ ಈ ಎರಡು ಅಳತೆಗಳ ನಡುವಿನ ವ್ಯತ್ಯಾಸದಿಂದ ಬಂದದ್ದು.

ತಕ್ಕಡಿಯಣ್ಣ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ತೂಕದ ಯಂತ್ರಗಳನ್ನು ರಿಪೇರಿ ಮಾಡುವವನು. ಅವನ ಅಂಗಡಿಯಲ್ಲಿ ಮೂರು ಜನ ನಿಲ್ಲಬಹುದು. ನಾಲ್ಕನೆಯವನು ಬಂದರೆ ಮೆಟ್ಟಿಲ ಮೇಲೆ ಕಾಯಬೇಕು. ಗೋಡೆಯ ಗೂಡಿನಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಮಖಮಲ್ಲಿನ ಮೇಲೆ ಹಿತ್ತಾಳೆಯ ತೂಕದ ಬಟ್ಟುಗಳು, ಒಂದು ಕಿಲೋದಿಂದ ಒಂದು ಗ್ರಾಮಿನವರೆಗೆ ಸಾಲಾಗಿ ಮಲಗಿದ್ದವು. ಬೆಳಿಗ್ಗೆ ಪೆಟ್ಟಿಗೆ ತೆರೆಯುವ ಮುಂಚೆ ಅವನು ಕಣ್ಣು ಮುಚ್ಚಿ, "ಕೈ ನಡುಗದಿರಲಿ ತಂದೆ, ಕಣ್ಣು ಸುಳ್ಳು ಹೇಳದಿರಲಿ" ಎಂದು ಬೇಡಿಕೊಳ್ಳುತ್ತಿದ್ದ. ಆಮೇಲೆ ಬಟ್ಟುಗಳನ್ನು ಚಿಮಟದಿಂದ ಎತ್ತುತ್ತಿದ್ದ. ಬೆರಳಿನ ಬೆವರಿಗೂ ತೂಕವಿದೆ ಎಂಬುದು ಅವನ ನಂಬಿಕೆ.

ಮಾರುಕಟ್ಟೆಯ ಅರವತ್ತೆರಡು ಅಂಗಡಿಗಳ ತಕ್ಕಡಿಗಳಿಗೂ ವರ್ಷಕ್ಕೊಮ್ಮೆ ಸೀಲ್ ಹಾಕುವವನು ಅವನೇ. ಸರಿಯಿದ್ದರೆ ಒಂದು ಸಣ್ಣ ತಂತಿ, ಅದಕ್ಕೊಂದು ಸೀಸದ ಗುಂಡು, ಗುಂಡಿನ ಮೇಲೆ ಇಕ್ಕಳದಿಂದ ಒತ್ತಿದ ಅವನ ಗುರುತು. ಸರಿಯಿಲ್ಲದಿದ್ದರೆ ಕೆಂಪು ಚೀಟಿ. ಅದರಲ್ಲಿ ಯಂತ್ರ ಯಾವುದು, ದೋಷವೇನು ಎಂದು ಬರೆದು ಸಹಿ ಹಾಕಿ ನೇತುಹಾಕಿದನೆಂದರೆ ಮುಗಿಯಿತು, ರಿಪೇರಿಯಾಗುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಒಮ್ಮೆ ತನ್ನ ಮಾವನ ಅಂಗಡಿಯ ತಕ್ಕಡಿಗೇ ಕೆಂಪು ಚೀಟಿ ಹಾಕಿದ್ದ. ಮಾವ ಎರಡು ವರ್ಷ ಮಾತು ಬಿಟ್ಟರು. ಆ ಎರಡು ವರ್ಷ ಬಹಳ ನೆಮ್ಮದಿಯಾಗಿದ್ದವು ಎಂದು ತಕ್ಕಡಿಯಣ್ಣ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ.

ಹೀಗಿರುವಾಗ ಬೀದಿಯ ತಿರುವಿನಲ್ಲಿ ಒಂದು ನೀಲಿ ಡೇರೆ ಎದ್ದಿತು. ಇಂಟರ್ನೆಟ್ ಕಂಪನಿಯದು. ಒಳಗೆ ಒಂದು ಮೇಜು, ಒಂದು ರಾಶಿ ನೀಲಿ ಕೊಡೆ, ಮತ್ತು ಟೈ ಕಟ್ಟಿಕೊಂಡ ಒಬ್ಬ ಮನುಷ್ಯ. ರಿಪೇರಿಯಾದ ಒಂದು ಕೈತಕ್ಕಡಿಯನ್ನು ಗಿರಾಕಿಗೆ ಕೊಡಲು ಹೊರಟಿದ್ದ ತಕ್ಕಡಿಯಣ್ಣನನ್ನು ಟೈನವನು ದಾರಿಯಲ್ಲೇ ಹಿಡಿದ.

"ಬನ್ನಿ ಅಣ್ಣ, ಬನ್ನಿ! ಮುನ್ನೂರು ಸ್ಪೀಡು! ಕಣ್ಣು ಮಿಟುಕಿಸೋದ್ರೊಳಗೆ ಸಿನಿಮಾ ನಿಮ್ಮ ಮನೇಲಿ!"

"ಮುನ್ನೂರು ಅಂದ್ರೆ ಮುನ್ನೂರೇ ಇರುತ್ತಾ?"

"ಮುನ್ನೂರು ಅಂದ್ರೆ ಮುನ್ನೂರು ಅಣ್ಣ!"

"ಅಳೆದೋರು ಯಾರು?"

ಟೈನವನ ನೌಕರಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವನು ಒಂದು ಗಳಿಗೆ ತನ್ನ ಟೈಯ ತುದಿಯನ್ನು ನೋಡಿಕೊಂಡ. ಆಮೇಲೆ ಕೈತಕ್ಕಡಿಯನ್ನು ನೋಡಿದ. ಆಮೇಲೆ ಅವನ ಮುಖ ಬೆಳಗಿತು.

"ನೀವೇ ಅಳೀರಿ ಅಣ್ಣ! ನಿಮ್ಮಂಥೋರು ಅಳೆದ್ರೆ ತಾನೇ ಜನ ನಂಬೋದು?"

ಇಷ್ಟು ವರ್ಷ ಅಳೆಯುತ್ತ ಬಂದಿದ್ದರೂ ಇಂಥ ಮಾತನ್ನು ಯಾರೂ ಮುಖಕ್ಕೆ ಹೇಳಿರಲಿಲ್ಲ. ತಕ್ಕಡಿಯಣ್ಣ ಎದೆ ಸೆಟೆಸಿದ. "ಅಳೆದು ನೋಡ್ದೆ ಒಂದು ಮಾತೂ ಆಡೋನಲ್ಲ ನಾನು" ಎಂದ. ಟೈನವನು ಅದನ್ನು ಬರೆದುಕೊಂಡ. ಕೈತಕ್ಕಡಿ ಹಿಡಿಸಿ ಒಂದು ಫೋಟೋ ತೆಗೆದ. ಕನೆಕ್ಷನ್ನಿಗೆ ಒಂದು, ಫೋಟೋಗೆ ಒಂದು ಎಂದು ಎರಡು ಕಡೆ ಸಹಿ ಹಾಕಿಸಿಕೊಂಡು ಒಂದು ಕೊಡೆ ಕೊಟ್ಟ. ಕಾಗದದ ಕೆಳಗಿನ ಅಕ್ಷರಗಳು ಒಂದೊಂದೂ ಸರಿಯಾಗಿ ಒಂದು ಮಿಲಿಮೀಟರ್ ಎತ್ತರವಿದ್ದುದನ್ನು ತಕ್ಕಡಿಯಣ್ಣ ಮೆಚ್ಚಿಕೊಂಡ. ಓದಲಿಲ್ಲ.

ಮೂರನೆಯ ದಿನ ತಂತಿ ಎಳೆಯುವವನು ಬಂದ. ಕಂಬಗಳನ್ನು ಎಣಿಸಿದ, ಮನೆಯನ್ನು ನೋಡಿದ, ತಲೆ ಅಲ್ಲಾಡಿಸಿದ.

"ಕೊನೇ ಕಂಬದಿಂದ ನಿಮ್ಮನೆ ನಲವತ್ತು ಮೀಟರ್ ಆಚೆ ಇದೆ. ತಂತಿ ಬರಲ್ಲ" ಎಂದು ಒಂದು ಲೋಟ ನೀರು ಕುಡಿದು ಹೋದ.

ಅಲ್ಲಿಗೆ ಆ ವಿಷಯ ಮುಗಿಯಿತು, ಕೊಡೆ ಉಳಿಯಿತು ಎಂದು ಗಂಡಹೆಂಡಿರು ತಿಳಿದುಕೊಂಡರು.

ಹದಿನೈದು ದಿನ ಕಳೆದು ಒಂದು ಬೆಳಿಗ್ಗೆ ಮಾರುಕಟ್ಟೆಯ ಎದುರಿನ ಜಾಹೀರಾತು ಹಲಗೆಯ ಮೇಲೆ ತಕ್ಕಡಿಯಣ್ಣ ಹದಿನೆಂಟು ಅಡಿ ಎತ್ತರಕ್ಕೆ ನಿಂತಿದ್ದ. ಒಂದು ಕೈಯಲ್ಲಿ ತಕ್ಕಡಿ. ಮುಖದಲ್ಲಿ ನಗು. ಪಕ್ಕದಲ್ಲಿ ಆಳುದ್ದದ ಅಕ್ಷರಗಳು: "ನಾನೇ ಅಳೆದು ನೋಡಿದ್ದೇನೆ. ಮುನ್ನೂರು ಎಂದರೆ ಮುನ್ನೂರು!" ಅದರ ಕೆಳಗೆ ಇರುವೆ ಸಾಲಿನಂತೆ ಇನ್ನೇನೋ.

ಹೆಂಡತಿ ಸೊಂಟದ ಮೇಲೆ ಚೀಲವಿಟ್ಟುಕೊಂಡು ತುಂಬ ಹೊತ್ತು ನೋಡಿದಳು. "ಷರ್ಟಿನ ಎರಡನೇ ಗುಂಡಿ ಇಲ್ಲ" ಎಂದಳು. "ಬಿಚ್ಚಿಕೊಡಿ, ಹಾಕಿಕೊಡ್ತೀನಿ ಅಂತ ಬಡ್ಕೊಂಡೆ. ಕೇಳಿದ್ರಾ? ಈಗ ನೋಡಿ, ತಟ್ಟೆಯಷ್ಟಗಲ ತೂತು ಊರಿಗೆಲ್ಲ ಕಾಣ್ತಿದೆ."

"ಅದಿರಲಿ ಕಣೇ, ನಾನು ಅಳೆದೇ ಇಲ್ಲವಲ್ಲ!"

"ಅದೂ ಕಾಣೋ ದಿನ ಬರುತ್ತೆ" ಎಂದು ಅವಳು ಮಾರುಕಟ್ಟೆಯೊಳಗೆ ಹೋಗಿ ತರಕಾರಿ ಆರಿಸತೊಡಗಿದಳು.

ಆ ದಿನವೇ ಕಂಪನಿಗೆ ಹೋಗಿ ಸರಿಮಾಡಿಸಿ ಬರಬೇಕೆಂದು ತಕ್ಕಡಿಯಣ್ಣ ನಿಜವಾಗಿಯೂ ಮನೆಯಿಂದ ಹೊರಟಿದ್ದ. ಚಪ್ಪಲಿಯೂ ಮೆಟ್ಟಿದ್ದ. ಅಷ್ಟರಲ್ಲಿ ಹೆಂಡತಿಯ ತಮ್ಮ ಏದುಸಿರು ಬಿಡುತ್ತ ಬಂದು ಕಾಲಿಗೇ ಬಿದ್ದ.

"ಭಾವ! ಬಸ್ಸಲ್ಲಿ ಬರ್ತಿದ್ದೆ ಭಾವ! ಡ್ರೈವರ್ ನಿಮ್ಮನ್ನ ನೋಡಿ ಬ್ರೇಕ್ ಹಾಕಿದ! ನಾನು ಎದ್ದು ನಿಂತು ಇವ್ರು ನಮ್ಮ ಭಾವ ಅಂದೆ. ಒಬ್ಬರು ಸೀಟು ಬಿಟ್ಟುಕೊಟ್ಟರು. ನನ್ನ ಆಯುಷ್ಯದಲ್ಲಿ ನಂಗೆ ಯಾರಾದ್ರೂ ಸೀಟು ಬಿಟ್ಟುಕೊಟ್ಟಿದ್ದಾರಾ?"

ತಕ್ಕಡಿಯಣ್ಣ ಚಪ್ಪಲಿ ಬಿಟ್ಟ.

ಆ ಮಧ್ಯಾಹ್ನ ಔಷಧಿ ಅಂಗಡಿಯವನು ತನ್ನ ಕೌಂಟರಿನಿಂದಲೇ ಕೂಗಿ ಕೇಳಿದ: "ತಕ್ಕಡಿಯಣ್ಣ, ನಿಜವಾಗ್ಲೂ ಅಳೆದ್ರಾ?" ಅವನ ಅಂಗಡಿಯಲ್ಲಿ ಹತ್ತು ಜನ ಇದ್ದರು. ಹತ್ತೂ ಜನ ಇವನನ್ನೇ ನೋಡುತ್ತಿದ್ದರು. ತಕ್ಕಡಿಯಣ್ಣ ತಲೆಯಾಡಿಸಿದ. ಮಾತಿಲ್ಲ, ಕತೆಯಿಲ್ಲ. ಅರ್ಧ ಇಂಚು ಕೆಳಗೆ, ಅರ್ಧ ಇಂಚು ಮೇಲೆ, ಅಷ್ಟೇ. ಅಷ್ಟಕ್ಕೆ ಎಷ್ಟು ತೂಕವಿತ್ತೆಂದು ತಿಳಿಯಲು ಅವನಿಗೆ ಇನ್ನೂ ಒಂದು ತಿಂಗಳು ಬೇಕಿತ್ತು.

ಔಷಧಿ ಅಂಗಡಿಯವನು ಕನೆಕ್ಷನ್ ತೆಗೆದುಕೊಂಡ. ಅವನನ್ನು ನೋಡಿ ಮೇಲಿನ ಮನೆಯ ಪಿಟೀಲು ಟೀಚರಮ್ಮ ತೆಗೆದುಕೊಂಡರು. "ತಕ್ಕಡಿಯಣ್ಣ ಸೀಲ್ ಹಾಕಿದಾನಂತೆ" ಎಂಬ ಮಾತು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ಮೂರು ವಾರದಲ್ಲಿ ನಲವತ್ತೊಂದು ಮನೆಗಳಲ್ಲಿ ಹಸಿರು ದೀಪದ ನಲವತ್ತೊಂದು ಬಿಳಿ ಡಬ್ಬಿಗಳು ಕಣ್ಣು ಮಿಟುಕಿಸತೊಡಗಿದವು. ಟೈನವನಿಗೆ ಕಂಪನಿ ಇನ್ನೊಂದು ಟೈ ಕೊಟ್ಟಿತು.

ಮೊದಲು ಬಂದವರು ಪಿಟೀಲು ಟೀಚರಮ್ಮ. ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಮಗುವನ್ನು ಎತ್ತಿಕೊಂಡು ಬಂದ ಹಾಗೆ ತಂದಿದ್ದರು.

"ನೋಡಪ್ಪ, ದೂರದೂರಿನ ಶಿಷ್ಯೆಗೆ ಪಾಠ ಹೇಳ್ತಾ ಇದ್ದೆ. ಅವಳು ಕಮಾನು ಎತ್ತಿದ್ದು ಹತ್ತು ಗಂಟೆಗೆ, ಇಳಿಸಿದ್ದು ಹತ್ತೂಕಾಲಿಗೆ. ಅಲ್ಲೀವರೆಗೂ ಬಾಯಿ ತೆರೆದುಕೊಂಡೇ ಇದ್ಲು. ನಾನು ಹೆದರಿ ಅವರಮ್ಮಂಗೆ ಫೋನ್ ಮಾಡ್ದೆ. 'ಮಗು ಆಗಲೇ ಊಟ ಮಾಡಿ ಹೋಯ್ತಲ್ಲಾ' ಅಂತಾರೆ! ಇದನ್ನ ಸ್ವಲ್ಪ ಸರಿಮಾಡಿಕೊಡು."

"ಟೀಚರಮ್ಮ, ನಾನು ತಕ್ಕಡಿ ರಿಪೇರಿಯವನು."

"ಮುನ್ನೂರು ಅಂತ ಅಳೆದೋನು ನೀನು ತಾನೆ? ಮತ್ತೆ ಯಾರ ಹತ್ರ ಒಯ್ಯಲಿ?"

ನಿಜ ಹೇಳಲು ಅದು ಒಳ್ಳೆಯ ಗಳಿಗೆ. ಆದರೆ ಅಂಗಡಿಯಲ್ಲಿ ಮೂರು ಜನ ನಿಂತಿದ್ದರು, ಮೆಟ್ಟಿಲ ಮೇಲೆ ನಾಲ್ಕನೆಯವನೂ ಇದ್ದ. ತಕ್ಕಡಿಯಣ್ಣ ಡಬ್ಬಿಯನ್ನು ತೆಗೆದುಕೊಂಡು, ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಮಾಡಿದ. ತೂಗಿದ.

"ಮುನ್ನೂರ ಹನ್ನೆರಡು ಗ್ರಾಂ" ಎಂದ. "ತೂಕ ಸರಿಯಾಗಿದೆ."

ಬ್ರಷ್ಷಿನಿಂದ ಧೂಳು ಹೊಡೆದು ಕೊಟ್ಟ. ಟೀಚರಮ್ಮ ಮನೆಗೆ ಹೋಗಿ ಪ್ಲಗ್ ಚುಚ್ಚಿದರು. ಕಿತ್ತು ಚುಚ್ಚಿದ ಡಬ್ಬಿ ಈಗಷ್ಟೇ ಸ್ನಾನ ಮಾಡಿ ಬಂದವನ ಹಾಗೆ ಸ್ವಲ್ಪ ಹೊತ್ತು ಚುರುಕಾಗಿರುತ್ತದೆ; ಇದು ಎಲ್ಲ ಡಬ್ಬಿಗಳ ಜಾತಕ. ಸಂಜೆಯ ತನಕ ಶಿಷ್ಯೆಯ ಕಮಾನು ಏರಿತು, ಇಳಿಯಿತು. ಟೀಚರಮ್ಮ ಕಿಟಕಿಯಿಂದ ಕೂಗಿ ಬೀದಿಗೆಲ್ಲ ಹೇಳಿದರು.

ಮರುದಿನ ಏಳು ಡಬ್ಬಿಗಳು ಬಂದವು. ಅದರ ಮರುದಿನ ಹನ್ನೆರಡು. ತಕ್ಕಡಿಯಣ್ಣ ಎಲ್ಲವನ್ನೂ ತೂಗಿದ. ಒಂದು ಮಾತ್ರ ಮುನ್ನೂರ ಒಂಬತ್ತು ಬಂತು. ತಿರುಗಿಸಿ ನೋಡಿದರೆ ಅಡಿಯಲ್ಲಿ ಒಂದು ರಬ್ಬರ್ ಕಾಲು ಇರಲಿಲ್ಲ. ಹಳೆಯ ತಕ್ಕಡಿಯದೊಂದು ಕಾಲನ್ನು ಮೂರು ಗ್ರಾಮಿಗೆ ಕತ್ತರಿಸಿ ಅಂಟಿಸಿಕೊಟ್ಟ. ಆ ಮನೆಯವರು ತಮ್ಮದೇ ಎಲ್ಲಕ್ಕಿಂತ ಚೆನ್ನಾಗಿ ಓಡುತ್ತಿದೆ ಎಂದು ಹೇಳಿಕೊಂಡು ತಿರುಗಿದರು.

ನಾಲ್ಕನೆಯ ದಿನ ಎಲ್ಲವೂ ಮತ್ತೆ ತೆವಳತೊಡಗಿದವು. ಔಷಧಿ ಅಂಗಡಿಯವನು ಫೋನ್ ಹಿಡಿದುಕೊಂಡು ಬಂದ.

"ತಕ್ಕಡಿಯಣ್ಣ, ಇದು ಸ್ಪೀಡ್ ಅಳೆಯೋದಂತೆ. ನೀವೇ ನೋಡಿ, ಮುಳ್ಳಿದೆ."

ಹೌದು, ಮುಳ್ಳಿತ್ತು. ತಕ್ಕಡಿಯ ಮುಳ್ಳಿನಂಥದೇ ಮುಳ್ಳು. ಅದು ರೋಗಿ ಹಾಸಿಗೆಯಿಂದ ಏಳುವ ಹಾಗೆ ಎದ್ದು, ಹನ್ನೊಂದರ ತನಕ ನಡೆದು, ಅಲ್ಲಿ ನಿಂತು ನಡುಗಿ, ಕುಳಿತುಬಿಟ್ಟಿತು.

"ಮುನ್ನೂರಕ್ಕೆ ಹನ್ನೊಂದು" ಎಂದ ಔಷಧಿ ಅಂಗಡಿಯವನು. "ಏನಿದು?"

ತಕ್ಕಡಿಯಣ್ಣ ಜನರ ಮಾತನ್ನು ಅನುಮಾನಿಸಿದ್ದಾನೆ, ಮಾವನ ಮಾತನ್ನಂತೂ ಸದಾ ಅನುಮಾನಿಸಿದ್ದಾನೆ. ಮುಳ್ಳನ್ನು ಎಂದೂ ಅನುಮಾನಿಸಿದವನಲ್ಲ. ಆ ದಿನ ಅವನಿಗೆ ಊಟ ಸೇರಲಿಲ್ಲ.

ಔಷಧಿ ಅಂಗಡಿಯವನಿಗೆ ಊಟ ಚೆನ್ನಾಗಿಯೇ ಸೇರಿತ್ತು. ಯೋಚನೆಯೂ ಚೆನ್ನಾಗಿ ಓಡಿತು. ಇವನು ಅಳೆದದ್ದು ಮುನ್ನೂರು, ನಮಗೆ ಬರುವುದು ಹನ್ನೊಂದು. ಹಾಗಾದರೆ ಇವನ ಮನೆಯಲ್ಲಿ ಏನಿದೆ? ಭಾನುವಾರ ಬೆಳಿಗ್ಗೆ ಪಿಟೀಲು ಟೀಚರಮ್ಮನನ್ನೂ ಇನ್ನೂ ನಾಲ್ಕು ಜನರನ್ನೂ ಕಟ್ಟಿಕೊಂಡು ಬಾಗಿಲಿಗೇ ಬಂದ. "ನಿಮ್ಮನೆ ಕನೆಕ್ಷನ್ ಒಂದ್ಸಲ ನೋಡೋಣ ಅಂತ ಬಂದ್ವಿ" ಎಂದ.

ತಕ್ಕಡಿಯಣ್ಣ ಬಾಗಿಲಿಗೆ ಅಡ್ಡ ನಿಂತ. ಹೆಂಡತಿ ಬಕೆಟ್ಟಿನಿಂದ ಒಂದು ಬಟ್ಟೆ ತೆಗೆದು ಹಿಂಡುತ್ತ, ಈ ಮನುಷ್ಯ ಈಗಲಾದರೂ ಹೇಳುತ್ತಾನೋ ಎಂದು ನೋಡುತ್ತ ನಿಂತಳು. ಅವನು ಹೇಳುತ್ತಿದ್ದನೇನೋ. ಅಷ್ಟರಲ್ಲಿ ತಿಂಡಿಗೆಂದು ಬಂದು ಕುಳಿತಿದ್ದ ಅವಳ ತಮ್ಮ ಕೈ ಒರೆಸಿಕೊಂಡು ಎದ್ದ. ಬಸ್ಸಿನ ಸೀಟು ಕೈಬಿಟ್ಟು ಹೋಗುವುದು ಅವನ ಕಣ್ಣಿಗೆ ಕಂಡಿತ್ತು.

"ಬನ್ನಿ, ಬನ್ನಿ ಒಳಗೆ" ಎಂದ.

"ತಂತಿ ಎಲ್ಲಿ?" ಎಂದ ಔಷಧಿ ಅಂಗಡಿಯವನು, ಗೋಡೆ ನೋಡುತ್ತ.

"ತಂತೀನಾ? ತಂತಿ ಹಳೇ ಕಾಲದ್ದು ಸ್ವಾಮಿ! ನಮ್ಮ ಭಾವಂಗೆ ಕಂಪನಿ ತಂತಿಯಿಲ್ಲದ ಮಾಡೆಲ್ ಕೊಟ್ಟಿದೆ."

"ಮತ್ತೆ ಡಬ್ಬಿ?"

"ಡಬ್ಬೀನೂ ಇಲ್ಲ. ಅದೇ ಅದರ ವಿಶೇಷ."

ಆರೂ ಜನ ಮೇಲೆ ಕೆಳಗೆ ನೋಡಿದರು. ಔಷಧಿ ಅಂಗಡಿಯವನು ಗಾಳಿಯಲ್ಲಿ ಕೈಯಾಡಿಸಿದ. ಪಿಟೀಲು ಟೀಚರಮ್ಮ ಅಡುಗೆಮನೆಯ ಗೋಡೆಗೆ ಅಂಗೈ ಇಟ್ಟು, "ಇಲ್ಲಿ ಸಣ್ಣಗೆ ಕಂಪನ ಬರ್ತಾ ಇದೆ" ಎಂದು ಕಣ್ಣು ಮುಚ್ಚಿದರು. ಉಳಿದವರೂ ಒಬ್ಬೊಬ್ಬರಾಗಿ ಅಂಗೈ ಇಟ್ಟು ನೋಡಿದರು. ಬಂತು, ನಿಜವಾಗಿಯೂ ಬಂತು.

"ಮುಳ್ಳು ನೋಡೋಣ ಹಾಗಾದ್ರೆ" ಎಂದು ಔಷಧಿ ಅಂಗಡಿಯವನು ಫೋನ್ ತೆಗೆದ.

"ಬೇರೆಯವರ ಫೋನಿಗೆ ಅದು ತೋರಿಸಲ್ಲ" ಎಂದ ಭಾವಮೈದ, ಬೇಸರದ ಮುಖ ಮಾಡಿ. "ಗೌರವದ ಕನೆಕ್ಷನ್ನು ನೋಡಿ."

ಅವರು ಹೋದ ಮೇಲೆ ಹೆಂಡತಿ ಗಂಡನ ಎದುರು ಬಂದು ನಿಂತಳು. "ನಮ್ಮನೇಲಿ ಬರೀ ಗಾಳಿ ಇದೆ ಅಂತ ತೋರಿಸಿ ಕಳಿಸಿದ್ರಿ. ನೀವಿಬ್ಬರೂ ಸೇರಿ ಇವತ್ತು ಹೇಳಿದ ನಿಜ ಅದೊಂದೇ."

ಸಂಜೆಯೊಳಗೆ ಬೀದಿ ಲೆಕ್ಕ ಹಾಕಿ ಮುಗಿಸಿತ್ತು. ಮುನ್ನೂರರಲ್ಲಿ ಹನ್ನೊಂದು ನಮಗೆ, ಉಳಿದ ಇನ್ನೂರ ಎಂಬತ್ತೊಂಬತ್ತು ಅಲ್ಲಿಗೆ. ತಂತಿಯೇ ಇಲ್ಲದೆ ಎಳೆದುಕೊಳ್ಳುತ್ತಾನೆ! ಅದಕ್ಕೇ ತಾನೆ ನಮ್ಮ ಡಬ್ಬಿಗಳನ್ನೆಲ್ಲ ಅಂಗಡಿಗೆ ತರಿಸಿಕೊಂಡು ಕೈ ಹಾಕಿದ್ದು? ತಕ್ಕಡಿಯ ಮುಳ್ಳನ್ನು ಅತ್ತಿತ್ತ ಜರುಗಿಸಲು ಬಲ್ಲವನಿಗೆ ಇದೇನು ಮಹಾ? ಮೂರು ಗ್ರಾಂ ರಬ್ಬರ್ ಕಾಲು ಅಂಟಿಸಿಕೊಂಡು ಹೋದ ಮನೆಯವರು ಅದನ್ನು ಕಿತ್ತು ಕಿಟಕಿಯಿಂದಾಚೆ ಎಸೆದರು.

ಸೋಮವಾರ ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸು ಈರುಳ್ಳಿ ತೂಗಿಸಿ, ತಕ್ಕಡಿಯ ಸೀಸದ ಗುಂಡು ನೋಡಿ, "ಇದು ಅವನ ಸೀಲಾ? ಬೇಡ ಬಿಡಿ" ಎಂದು ಪಕ್ಕದ ಅಂಗಡಿಗೆ ಹೋದಳು. ಅಲ್ಲೂ ಅದೇ ಗುಂಡು. ಹೀಗೆ ಹನ್ನೊಂದು ಅಂಗಡಿ ತಿರುಗಿ, ಕೊನೆಗೆ ಬರಿಗೈಯಲ್ಲಿ ಮನೆಗೆ ಹೋದಳು.

ಮಧ್ಯಾಹ್ನ ದಿನಸಿ ಅಂಗಡಿಯ ಅಕ್ಕ ಖುದ್ದಾಗಿ ತಕ್ಕಡಿಯಣ್ಣನ ಅಂಗಡಿಗೆ ಬಂದಳು. ಮಾರುಕಟ್ಟೆಯ ಸಂಘಕ್ಕೆ ಅವಳೇ ಅಧ್ಯಕ್ಷೆ. ಅವಳು ಒಬ್ಬಳು ಬಂದರೆ ಮೂರು ಜನರ ಜಾಗ ತುಂಬುತ್ತಿತ್ತು.

"ನೋಡಪ್ಪ, ನಾನು ನೇರವಾಗಿ ಮಾತಾಡೋಳು. ಇಪ್ಪತ್ತೆರಡು ವರ್ಷ ನಿನ್ನ ಸೀಸದ ಗುಂಡು ನೋಡಿ ಜನ ಸುಮ್ನೆ ತಗೊಂಡು ಹೋಗ್ತಿದ್ರು. ಈಗ ಅದೇ ಗುಂಡು ನೋಡಿ ಎರಡೆರಡು ಸಲ ತೂಗಿಸ್ತಾರೆ. ಶುಕ್ರವಾರ ವರ್ಷದ ಸೀಲು. ಅಷ್ಟರೊಳಗೆ ಆ ಬೋರ್ಡಿನ ವಿಷಯ ಇತ್ಯರ್ಥ ಮಾಡ್ಕೊ. ಇಲ್ಲಾಂದ್ರೆ ಪಕ್ಕದೂರಿನವನನ್ನ ಕರೆಸ್ತೀವಿ."

"ಅಕ್ಕ! ಅವನು ಬಟ್ಟನ್ನ ಬೆರಳಲ್ಲಿ ಎತ್ತುತ್ತಾನೆ!"

"ಎತ್ತಲಿ. ಅವನ ಮುಖ ಹಲಗೆ ಮೇಲಿಲ್ಲ" ಎಂದು ಅಕ್ಕ ಹೋದಳು.

ಮಂಗಳವಾರ ತಕ್ಕಡಿಯಣ್ಣ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಕಂಪನಿಯ ಆಫೀಸಿಗೆ ಹೋದ. ಒಳಗೆ ತಂಪು, ನೆಲ ಕನ್ನಡಿಯಂತೆ. ಯಂತ್ರದಿಂದ ಟೋಕನ್ ತೆಗೆದುಕೊಂಡು ಕಾಯಬೇಕು. ಅರವತ್ತೇಳು ಬಂತು. ಕೌಂಟರಿನ ಹುಡುಗಿಯ ಬೆನ್ನ ಹಿಂದೆ, ಗೋಡೆಯ ಮೇಲೆ ಅವನೇ ನಗುತ್ತಿದ್ದ.

"ಅಯ್ಯೋ, ಸರ್! ನೀವು!" ಎಂದು ಹುಡುಗಿ ಎದ್ದು ನಿಂತಳು. ಆಫೀಸಿನವರೆಲ್ಲ ಓಡಿ ಬಂದು, ಅವನನ್ನು ನಡುವೆ ನಿಲ್ಲಿಸಿಕೊಂಡು ಫೋಟೋ ತೆಗೆದುಕೊಂಡರು. ಅದೆಲ್ಲ ಮುಗಿದ ಮೇಲೆ ಅವನು ಬಂದ ಕಾರಣ ಹೇಳಿದ.

"ಕಂಪ್ಲೇಂಟಾ ಸರ್? ಕಸ್ಟಮರ್ ನಂಬರ್ ಹೇಳಿ."

"ಇಲ್ಲಮ್ಮ. ನಮ್ಮನೆಗೆ ಕನೆಕ್ಷನ್ನೇ ಇಲ್ಲ. ಅದೇ ಕಂಪ್ಲೇಂಟು."

"ನಂಬರ್ ಇಲ್ದೆ ಕಂಪ್ಲೇಂಟ್ ತಗೊಳ್ಳೋಕಾಗಲ್ಲ ಸರ್. ಮೊದಲು ಕನೆಕ್ಷನ್ ತಗೊಳ್ಳಿ."

"ಸರಿ, ಕೊಡಮ್ಮ."

ಹುಡುಗಿ ಟಕಟಕ ಒತ್ತಿ ನೋಡಿದಳು. "ನಿಮ್ಮನೆಗೆ ತಂತಿ ಬರಲ್ಲ ಸರ್" ಎಂದಳು, ಅದೇ ನಗುಮುಖದಲ್ಲಿ.

ಮ್ಯಾನೇಜರು ಅವನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ಮುನ್ನೂರು ಎಂದಿರಿ, ಹನ್ನೊಂದು ಬರುತ್ತಿದೆ ಎಂದು ತಕ್ಕಡಿಯಣ್ಣ ಹೇಳಿದ. ಮ್ಯಾನೇಜರು ಜಾಹೀರಾತಿನ ಸಣ್ಣ ಪ್ರತಿಯೊಂದನ್ನು ಮೇಜಿನ ಮೇಲೆ ಹರಡಿ ಇರುವೆ ಸಾಲನ್ನು ತೋರಿಸಿದರು. ತಕ್ಕಡಿಯಣ್ಣ ಜೇಬಿನಿಂದ ಬಟ್ಟುಗಳ ಗುರುತು ಓದುವ ಭೂತಗನ್ನಡಿ ತೆಗೆದು ಹಿಡಿದ. ಹೀಗಿತ್ತು: "ವೇಗವು ಮುನ್ನೂರರವರೆಗೆ ಇರಬಹುದು. ಚಿತ್ರದಲ್ಲಿರುವವರು ನಟರು."

"ನಾನು ನಟನಲ್ಲ!"

"ಕಾಗದದ ಪ್ರಕಾರ ನೀವು ನಟರೇ ಸರ್. ಸಹಿ ಹಾಕಿದೀರಿ. ಸಂಭಾವನೆ ಒಂದು ಕೊಡೆ, ಅದನ್ನೂ ತಗೊಂಡಿದೀರಿ. ಇನ್ನು 'ಮುನ್ನೂರರವರೆಗೆ' ಅಂದ್ಮೇಲೆ ಹನ್ನೊಂದೂ ಅದರೊಳಗೇ ಬಂತಲ್ಲ?"

ತಕ್ಕಡಿಯಣ್ಣ ಮನಸ್ಸಿನಲ್ಲೇ ಭಾಗಿಸಿ ನೋಡಿದ. "ಒಂದು ಕಿಲೋ ಸಕ್ಕರೆ ಕೇಳಿದೋರಿಗೆ ಮೂವತ್ತೇಳು ಗ್ರಾಂ ತೂಗಿಕೊಟ್ಟು, ಒಂದು ಕಿಲೋವರೆಗೆ ಅಂತ ಹೇಳಿದ್ರೆ ಒಪ್ತಾರಾ ಸ್ವಾಮಿ?"

"ಅದು ಸಕ್ಕರೆ ಸರ್" ಎಂದರು ಮ್ಯಾನೇಜರು ಸಮಾಧಾನವಾಗಿ. "ಇದು ಸರ್ವಿಸ್ಸು."

ತಕ್ಕಡಿಯಣ್ಣ ಕೊಡೆಯನ್ನು ಮೇಜಿನ ಮೇಲಿಟ್ಟ. "ತಗೊಳ್ಳಿ ನಿಮ್ಮ ಸಂಭಾವನೆ. ನನ್ನ ಮುಖ ಇಳಿಸಿ."

"ಕೊಡೆ ವಾಪಸ್ ತಗೊಳ್ಳೋ ವ್ಯವಸ್ಥೆ ನಮ್ಮಲ್ಲಿಲ್ಲ ಸರ್. ಮುಖ ಎರಡು ವರ್ಷ ಇರುತ್ತೆ."

ತಕ್ಕಡಿಯಣ್ಣ ಕೊಡೆ ಸಮೇತ ಮನೆಗೆ ಬಂದ. ಜಗಲಿಯ ಮೇಲೆ ಕುಳಿತು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಆ ಷರ್ಟಿಗೆ ಕೊನೆಗೂ ಗುಂಡಿ ಹಾಕುತ್ತ ಕೇಳಿಸಿಕೊಂಡಳು.

"ಕೆಟ್ಟ ತಕ್ಕಡಿ ಸಿಕ್ಕಿದ್ರೆ ನೀವೇನ್ಮಾಡ್ತೀರಿ?" ಎಂದಳು.

"ಕೆಂಪು ಚೀಟಿ ಹಾಕ್ತೀನಿ."

"ನಮ್ಮಪ್ಪಂದಾದ್ರೂ ಹಾಕಿದ್ರಿ." ಅವಳು ದಾರವನ್ನು ಹಲ್ಲಿನಿಂದ ಕತ್ತರಿಸಿದಳು. "ಈಗ್ಯಾಕೆ ಕೂತಿದೀರಿ?"

ಶುಕ್ರವಾರ ಬೆಳಿಗ್ಗೆ ಅರವತ್ತೆರಡು ತಕ್ಕಡಿಗಳು ಮಾರುಕಟ್ಟೆಯ ಅಂಗಳದಲ್ಲಿ ಸಾಲಾಗಿ ಕುಳಿತಿದ್ದವು. ಹಿಂದೆ ಅವುಗಳ ಯಜಮಾನರು, ಅವರ ಹಿಂದೆ ನಲವತ್ತೊಂದು ಮನೆಯವರು. ಪಕ್ಕದೂರಿನವನೂ ಒಂದು ಮೂಲೆಯಲ್ಲಿ ಬೆರಳು ಮಡಿಸುತ್ತ, ಬಿಡಿಸುತ್ತ ನಿಂತಿದ್ದ. ತಕ್ಕಡಿಯಣ್ಣ ಪೆಟ್ಟಿಗೆಯ ಮುಂದೆ ಕಣ್ಣು ಮುಚ್ಚಿದ. ದಿನದ ಪ್ರಾರ್ಥನೆ ಒಂದು ಉಸಿರಿನದು. ಅಂದು ಮೂರು ಉಸಿರು ಹಿಡಿಯಿತು. ಆಮೇಲೆ ಪೆಟ್ಟಿಗೆ ತೆರೆಯದೆ ಎದ್ದ.

"ಮೊದಲು ಆ ಕಡೆ ಒಂದು ಕೆಟ್ಟ ಯಂತ್ರ ಇದೆ" ಎಂದು ಹೇಳಿ, ಬಣ್ಣದಂಗಡಿಯ ಏಣಿ ಹೊತ್ತುಕೊಂಡು ರಸ್ತೆ ದಾಟಿದ. ಜನವೆಲ್ಲ ಹಿಂದೆಯೇ ದಾಟಿತು.

ಏಣಿ ಹಿಡಿದುಕೊಂಡವನು ಭಾವಮೈದ. "ಬೇಡ ಭಾವ! ಬಸ್ಸಲ್ಲಿ ಎಲ್ರಿಗೂ ಹೇಳಿಬಿಟ್ಟಿದೀನಿ! ಕಂಡಕ್ಟರಿಗೂ ಹೇಳಿದೀನಿ!" ಎಂದು ಅಳುವ ಧ್ವನಿಯಲ್ಲಿ ಅಂದ. ಆದರೆ ಏಣಿಯನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದ, ಅದನ್ನು ಹೇಳಲೇಬೇಕು.

ಏಣಿ ಮುಖದ ತನಕ ಮುಟ್ಟಲಿಲ್ಲ. ಷರ್ಟಿನ ಎರಡನೆಯ ಗುಂಡಿಯಿಲ್ಲದ ಜಾಗಕ್ಕೆ ಬಂದು ನಿಂತಿತು. ತಕ್ಕಡಿಯಣ್ಣ ಅಲ್ಲೇ ಹಲಗೆಗೆ ತಂತಿ ಚುಚ್ಚಿ, ಕೆಂಪು ಚೀಟಿ ಪೋಣಿಸಿ, ಸೀಸದ ಗುಂಡು ಹಾಕಿ ಇಕ್ಕಳದಿಂದ ಒತ್ತಿದ. ಕೆಳಗಿನಿಂದ ನೋಡಿದರೆ ಆ ದೊಡ್ಡ ಷರ್ಟಿಗೆ ಕೊನೆಗೂ ಒಂದು ಗುಂಡಿ ಬಂದಂತೆ ಕಾಣುತ್ತಿತ್ತು. ಇಷ್ಟಕ್ಕೆ ಕೆಲಸ ಮುಗಿಯಿತು ಎಂದುಕೊಂಡು ಅವನು ಒಂದು ಮೆಟ್ಟಿಲು ಇಳಿದ.

"ಏನು ಬರೆದಿದೀಯ?" ಎಂದು ದಿನಸಿ ಅಕ್ಕ ಕೆಳಗಿನಿಂದ ಕೂಗಿದಳು. "ಅಂಗೈಯಷ್ಟು ಚೀಟಿ, ಇಲ್ಲಿಗೆ ಏನು ಕಾಣುತ್ತೆ? ಓದಿ ಹೇಳು!"

ಬರೆಯುವುದು ಬೇರೆ, ಬರೆದದ್ದನ್ನು ಇನ್ನೂರು ಜನರ ಮುಂದೆ ಏಣಿಯ ಮೇಲೆ ನಿಂತು ಓದುವುದು ಬೇರೆ. ತಕ್ಕಡಿಯಣ್ಣ ಮತ್ತೆ ಒಂದು ಮೆಟ್ಟಿಲು ಹತ್ತಿದ. ಗಂಟಲು ಸರಿಮಾಡಿಕೊಂಡ.

"ಯಂತ್ರ: ತಕ್ಕಡಿ ರಿಪೇರಿಯವನು. ದೋಷ: ಅಳೆಯದೆ ಅಳೆದೆನೆಂದು ತಲೆಯಾಡಿಸಿದ್ದು. ಇವನ ಮನೆಗೆ ತಂತಿ ಬಂದಿಲ್ಲ, ಡಬ್ಬಿ ಬಂದಿಲ್ಲ. ಬಂದದ್ದು ಒಂದು ಕೊಡೆ. ರಿಪೇರಿಯಾಗುವ ತನಕ ಯಾರೂ ನಂಬಬಾರದು. ಸಹಿ."



"ಹಾಗಾದ್ರೆ ನಮ್ಮ ಇನ್ನೂರ ಎಂಬತ್ತೊಂಬತ್ತು ಎಲ್ಲಿಗೆ ಹೋಯ್ತು?" ಎಂದ ಔಷಧಿ ಅಂಗಡಿಯವನು.

"ಎಲ್ಲಿಗೂ ಹೋಗಿಲ್ಲ. ಬಂದೇ ಇರಲಿಲ್ಲ."

"ಮತ್ತೆ ನಿಮ್ಮನೆ ಗೋಡೇಲಿ ಕಂಪನ ಬಂತಲ್ಲ?" ಎಂದರು ಪಿಟೀಲು ಟೀಚರಮ್ಮ, ಬಿಟ್ಟುಕೊಡಲು ಮನಸ್ಸಿಲ್ಲದೆ.

"ಅದು ನಮ್ಮ ಹಳೇ ಫ್ರಿಜ್ಜು ಟೀಚರಮ್ಮ" ಎಂದಳು ತಕ್ಕಡಿಯಣ್ಣನ ಹೆಂಡತಿ ಗುಂಪಿನ ನಡುವಿನಿಂದ. "ಗೋಡೆ ಆಚೆ ಇದೆ."

ಮೊದಲು ನಕ್ಕವರು ಯಾರೆಂದು ಗೊತ್ತಿಲ್ಲ. ನಗು ಗುಂಪಿನ ಹಿಂದಿನಿಂದ ಹೊರಟು ಮುಂದಿನ ತನಕ ಬಂದು, ಏಣಿ ಹಿಡಿದವನನ್ನೂ ಅಲುಗಾಡಿಸಿತು. ಔಷಧಿ ಅಂಗಡಿಯವನು ಗಾಳಿಯಲ್ಲಿ ಕೈಯಾಡಿಸಿದ್ದನ್ನು ಯಾರೋ ಮಾಡಿ ತೋರಿಸಿದರು. ದಿನಸಿ ಅಕ್ಕ ಮಾತ್ರ ನಗಲಿಲ್ಲ.

"ಇಳಿದು ಬಾ. ಮೊದಲು ನಂದು ತೂಗು" ಎಂದಳು.

"ಚೀಟೀಲಿ ಬರೆದಿದೆಯಲ್ಲ ಅಕ್ಕ, ನಂಬಬಾರದು ಅಂತ."

"ನಿನ್ನ ಎದೆಗೇ ಕೆಂಪು ಚೀಟಿ ಹಾಕ್ಕೊಂಡೋನು ನೀನು, ನನ್ನ ತಕ್ಕಡೀನ ಸುಮ್ನೆ ಬಿಡ್ತೀಯಾ? ಅದೇ ನಂಗೆ ಭಯ. ಬಾ."

ಅವಳ ಭಯ ಸುಳ್ಳಾಗಲಿಲ್ಲ. ತಕ್ಕಡಿಯಣ್ಣ ಚಿಮಟದಿಂದ ಒಂದು ಕಿಲೋ ಬಟ್ಟನ್ನು ಎತ್ತಿಟ್ಟ, ಬಾಗಿ ಮುಳ್ಳು ನೋಡಿದ, ಮತ್ತೊಮ್ಮೆ ನೋಡಿದ. "ನಾಲ್ಕು ಗ್ರಾಂ ಹೆಚ್ಚು ತೋರಿಸ್ತಿದೆ ಅಕ್ಕ" ಎಂದು, ಎಲ್ಲರ ಎದುರಿಗೇ ಸಂಘದ ಅಧ್ಯಕ್ಷೆಯ ತಕ್ಕಡಿಗೆ ಕೆಂಪು ಚೀಟಿ ಕಟ್ಟಿದ. ಅಕ್ಕ ಅವನನ್ನೂ ಅವನ ವಂಶವನ್ನೂ ಇಡೀ ಮಾರುಕಟ್ಟೆಗೆ ಕೇಳುವ ಹಾಗೆ ಬೈದಳು. ಬೈದು, ಉಳಿದ ಅರವತ್ತೊಂದು ಜನರ ಕಡೆ ತಿರುಗಿ, "ನೋಡ್ತಾ ನಿಂತಿದೀರಲ್ಲ, ಸಾಲಾಗಿ ಬನ್ನಿ!" ಎಂದಳು. ಪಕ್ಕದೂರಿನವನು ಬಸ್ಸಿಗೆ ಹೊರಟ. ಈರುಳ್ಳಿ ಬಿಟ್ಟು ಹೋಗಿದ್ದ ಹೆಂಗಸು ಆ ದಿನ ಎರಡು ಕಿಲೋ ಒಯ್ದಳು, ಒಂದೇ ಸಲ ತೂಗಿಸಿ.

ಮಧ್ಯಾಹ್ನ ನಲವತ್ತೊಂದು ಮನೆಯವರು ಬಂದು ಒಂದೊಂದು ಕೆಂಪು ಚೀಟಿ ಕೇಳಿದರು. ತಕ್ಕಡಿಯಣ್ಣ ಈ ಸಲ ಪ್ರತಿ ಮನೆಗೂ ಹೋಗಿ, ತಾನೇ ಮುಳ್ಳು ನೋಡಿ, ಬಂದಷ್ಟನ್ನೇ ಬರೆದುಕೊಟ್ಟ. ಮರುದಿನ ಕಂಪನಿಯ ಕೌಂಟರಿನ ಮೇಲೆ ಕೆಂಪು ಚೀಟಿ ಕಟ್ಟಿದ ನಲವತ್ತೊಂದು ಡಬ್ಬಿಗಳು ಟೋಕನ್ ಹಿಡಿದುಕೊಂಡು ಕುಳಿತವು. ಅವೆಲ್ಲವುಗಳಿಗೂ ಕಸ್ಟಮರ್ ನಂಬರ್ ಇತ್ತು.

ಕಂಪನಿಯ ಮೇಲಿನವರು ಸಭೆ ಸೇರಿ ಬಹಳ ಯೋಚಿಸಿದರಂತೆ. ಈ ಗಲಾಟೆಗೆಲ್ಲ ಮೂಲ ಯಾವುದು? ಹಲಗೆಯ ಮೇಲಿರುವ ಮನುಷ್ಯನಿಗೆ ಕನೆಕ್ಷನ್ ಇಲ್ಲದಿರುವುದು. ಕೊಟ್ಟುಬಿಟ್ಟರೆ ಅವನು ಗ್ರಾಹಕನಾಗುತ್ತಾನೆ. ಗ್ರಾಹಕನಾದರೆ ಅವನ ದೂರನ್ನು ನಿಯಮದ ಪ್ರಕಾರ ದಾಖಲಿಸಿ, ನಿಯಮದ ಪ್ರಕಾರ ಮುಗಿಸಿಬಿಡಬಹುದು. ಒಂದು ವಾರದಲ್ಲಿ ತಂತಿ ಎಳೆಯುವವನು ಹೆಗಲ ಮೇಲೆ ಸುರುಳಿ ಹೊತ್ತು ಬಂದ. ಕೊನೆಯ ಕಂಬದಿಂದ ಬಿಚ್ಚುತ್ತ ಬಿಚ್ಚುತ್ತ ಗೇಟಿನ ತನಕ ಬಂದ. ಅಲ್ಲಿ ತಂತಿ ಮುಗಿಯಿತು.

ತಕ್ಕಡಿಯಣ್ಣ ಟೇಪು ತಂದು ಅಳೆದ. ಕಂಬದಿಂದ ಬಾಗಿಲಿಗೆ ನಲವತ್ತಮೂರು ಮೀಟರ್ ಇತ್ತು.

"ಆರ್ಡರಲ್ಲಿ ನಲವತ್ತು ಅಂತಿದೆ" ಎಂದ ತಂತಿಯವನು. "ನಾನೇ ಬರೆದಿದ್ದು. ಕಣ್ಣಂದಾಜು." ತಂತಿಯ ತುದಿಯನ್ನು ಗೇಟಿನ ಕಂಬಕ್ಕೆ ಬಿಗಿಯಾಗಿ ಸುತ್ತಿ, ಒಂದು ಲೋಟ ನೀರು ಕುಡಿದು, ಮುಂದಿನ ಆರ್ಡರ್ ಬಂದಾಗ ಬರುತ್ತೇನೆಂದು ಹೋದ.

ಅದು ಇನ್ನೂ ಬಂದಿಲ್ಲ. ಗೇಟಿನ ಹತ್ತಿರ ತಂತಿ ಎದೆಯೆತ್ತರಕ್ಕೆ ಇಳಿದಿದೆ. ಹೆಂಡತಿ ಒಂದು ದಿನ ಒದ್ದೆ ಬಟ್ಟೆಗಳ ಬಕೆಟ್ಟು ತಂದು ಅದರ ಕೆಳಗಿಟ್ಟಳು. ಕೈಯಲ್ಲಿ ಜಗ್ಗಿ ನೋಡಿದಳು.

"ರೀ, ಬಟ್ಟೆ ಒಣಹಾಕಿದ್ರೆ ಇದು ತಡ್ಕೊಳ್ಳುತ್ತಾ?"

ತಕ್ಕಡಿಯಣ್ಣ ಒಳಗೆ ಹೋಗಿ ಕಬ್ಬಿಣದ ಬಟ್ಟುಗಳನ್ನು ತಂದ. ಮೊದಲು ಎರಡು ಕಿಲೋ ನೇತುಹಾಕಿದ, ಆಮೇಲೆ ಐದು, ಆಮೇಲೆ ಹತ್ತು. ಒಂದು ಗಂಟೆ ಪಕ್ಕದಲ್ಲೇ ನಿಂತು ಕಾದ. ಬೀದಿಯಲ್ಲಿ ಹೋಗುತ್ತಿದ್ದ ಔಷಧಿ ಅಂಗಡಿಯವನು ನಿಂತು, "ಏನಂತೆ ತಕ್ಕಡಿಯಣ್ಣ?" ಎಂದು ಕೇಳಿದ.

ತಕ್ಕಡಿಯಣ್ಣ ತಲೆಯಾಡಿಸಲಿಲ್ಲ. ಬಟ್ಟನ್ನು ಇಳಿಸಿ, ತಂತಿ ಎಳೆದು ನೋಡಿ, ಬಾಯಿಬಿಟ್ಟೇ ಹೇಳಿದ.

"ನಾನೇ ಅಳೆದು ನೋಡಿದ್ದೀನಿ. ಹತ್ತು ಅಂದ್ರೆ ಹತ್ತು."